ಬನ್ನಿನಾಗಿನ ಪಪ್ಪಾಯಿ

ಕಲಘಟಗಿ ಕಡೆ ಕೆಂಪು ಮಣ್ಣಿನ ಹಿತ್ತಲದಾಗ, ಬಚ್ಚಲ ನೀರು ಹರಿಯೂ ಕಡೆ ಬೀಜ ಬಿದ್ದರೂ ಪಪ್ಪಾಯಿ ಏಳತೈತಿ. ನವಲಗುಂದದ ಎರಿ ಹೊಲದಾಗ ಹಂಗಲ್ಲ. ಒಂದೆರಡು ದಿನ ನೀರು ನಿಂತರ ಬುಡ ಕೊಳತು ಗಿಡ ಮಕಾಡೆ. ಅಲ್ಲಿ ಏರು ಮಡಿ ಮಾಡೇ ಹಚ್ಚಬೇಕು. ನೀರು ಬೇಕು, ನಿಂತ ನೀರು ಬ್ಯಾಡ ಅನ್ನೂ ಗಿಡ ಇದು.

ಜವಾರಿ ಬೀಜದ್ದಾದರ ಹೂ ಬಿಡೂತನಕ ಗಂಡೋ ಹೆಣ್ಣೋ ತಿಳಿಯೂದಿಲ್ಲ. ಉದ್ದನ್ನ ದಂಟಿಗೆ ಗೊಂಚಲ ಹೂ ಜೋತರ ಗಂಡು. ಅವ್ವ ಕುಡಗೋಲು ತಗೊಂಡು ಹೊಂಟರ, "ಒಂದರೆ ಇರಲಿ ಬೇ, ಹೆಣ್ಣು ಗಿಡ ಕಾಯಿ ಕಟ್ಟಾಕ ಬೇಕಾಗತೈತಿ" ಅಂತ ತಡೀಬೇಕು.

ಹಣ್ಣಾದರ ಹಂಗ ತಿನ್ನಾಕ, ಕಾಯಾದರ ಪಲ್ಯಾಕ್ಕ. ಕಾಯಿ ಹಾಲಿನಾಗ ಪಪೇನ್ ಅನ್ನೂ ಕಿಣ್ವ ಇರತೈತಿ; ಹಸಿ ಕಾಯಿ ಅರದು ಹಚ್ಚಿದರ ಗಟ್ಟಿ ಮಟನ್ನೂ ಮೆತ್ತಗಾಗೂದು ಅದಕ್ಕ. ಬೇಕರಿ ಬನ್ನಿನಾಗ ಕೆಂಪು, ಹಸಿರು ಟೂಟಿ ಫ್ರೂಟಿ ಆರಿಸಿ ತಿಂತೀವಲ್ಲ? ಅದೂ ಹೆಚ್ಚಾಗಿ ಸಕ್ಕರಿ ಪಾಕದಾಗ ನೆನದ ಪಪ್ಪಾಯಿ ಕಾಯೇ.

ಹಿತ್ತಲದಾಗ ಪುಕ್ಕಟೆ ಇದ್ದಾಗ ಮೂಗು ಮುರೀತೀವಿ. ಬಣ್ಣ ಹಚ್ಚಿಕೊಂಡು ಬಂದರ ರೊಕ್ಕ ಕೊಟ್ಟು ತಿಂತೀವಿ!