ಅರ್ಧ ಕಜ್ಜಾಯ

ನಮ್ಮ ಮನೆಯಲ್ಲಿ ಅಡಿಗೆ ಹೆಂಡತಿಯದು, ಬಡಿಸುವ ಸೌಟು ನನ್ನದು. ನಾನು ಅರಕಲಗೂಡಿನ ಕಡೆಯ ಹಳ್ಳಿಯವನು. ಎಂಟು ಜನ ಮಕ್ಕಳಿಗೆ ಮುದ್ದೆ ಹಂಚಿದ ಮೇಲೆ ನಮ್ಮಮ್ಮನಿಗೆ ಉಳಿಯುತ್ತಿದ್ದುದು ತಳ ಹಿಡಿದ ಸೀಕು ಮಾತ್ರ. ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿದ ದಿನವೇ ಮನಸ್ಸಿನಲ್ಲಿ ಒಂದು ಶಪಥ ಮಾಡಿಬಿಟ್ಟೆ: ನನ್ನ ಮಕ್ಕಳ ತಟ್ಟೆ ಎಂದೂ ಖಾಲಿ ಕಾಣಬಾರದು.

ಚನ್ನರಾಯಪಟ್ಟಣದ ಶಾಖೆಯಲ್ಲಿದ್ದಾಗ ಶನಿವಾರ ಅರ್ಧ ದಿನ ಕೆಲಸ. ನನ್ನ ಮಗಳು ಬಾಗಿಲಲ್ಲೇ ಕಾದು ಕುಳಿತಿರುತ್ತಿದ್ದಳು. ಕೈಚೀಲದಲ್ಲಿ ಬೋಂಡವೋ ಮೈಸೂರುಪಾಕೋ ಇರಲೇಬೇಕು. ಊಟಕ್ಕೆ ಕೂತರೆ "ಇನ್ನೊಂದು ತುತ್ತು, ಅಪ್ಪನಿಗೋಸ್ಕರ" ಎನ್ನುತ್ತಿದ್ದೆ. ಅವಳು ತಿನ್ನುತ್ತಿದ್ದಳು. ಗುಂಡುಗುಂಡಾಗಿದ್ದವಳನ್ನು ಪ್ರೀತಿಯಿಂದ "ಗುಂಡಮ್ಮ" ಎಂದು ಕರೆದವನೂ ನಾನೇ. ಆ ಹೆಸರು ಬೀದಿಗೆ ಹೋಯಿತು, ಶಾಲೆಗೂ ಹೋಯಿತು. ಅಲ್ಲಿ ಅದರಲ್ಲಿ ಪ್ರೀತಿ ಇರಲಿಲ್ಲ.

ಅವಳೀಗ ಹೊಳೆನರಸೀಪುರ ತಾಲ್ಲೂಕಿನ ಒಂದು ಶಾಲೆಯಲ್ಲಿ ಮೇಷ್ಟ್ರು. ಹಾಸನದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ನಲವತ್ತು ದಾಟುವ ಹೊತ್ತಿಗೆ ತೂಕ 112 ಕಿಲೋ ಆಗಿತ್ತು. ಸಕ್ಕರೆ ಕಾಯಿಲೆ, ಮಂಡಿನೋವು, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟಿ ಎದ್ದು ಕೂರುವುದು. 2018ರಲ್ಲಿ, ಮಹಾಮಸ್ತಕಾಭಿಷೇಕದ ಗದ್ದಲವೆಲ್ಲ ಮುಗಿದ ಮೇಲೆ, ಒಂದು ಬೆಳಿಗ್ಗೆ ಎಲ್ಲರೂ ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಐವತ್ತು ಮೆಟ್ಟಿಲಿಗೇ ಅವಳು ಏದುಸಿರು ಬಿಡುತ್ತಾ ಕುಳಿತುಬಿಟ್ಟಳು. "ನೀವು ಹೋಗಿ ಬನ್ನಿ ಅಪ್ಪ, ಕೆಳಗೆ ಚಪ್ಪಲಿ ನಾನು ಕಾಯ್ತೀನಿ" ಎಂದಳು. ಅರವತ್ತೆಂಟು ವರ್ಷದ ನಾನು ಹತ್ತಿದೆ, ನನ್ನ ಮಗಳು ಚಪ್ಪಲಿ ಕಾದಳು.

ನಡಿಗೆ, ಪಥ್ಯ, ಉಪವಾಸ ಎಲ್ಲ ಮಾಡಿದಳು. ಹತ್ತು ಕಿಲೋ ಇಳಿದರೆ ಹನ್ನೆರಡು ಏರುತ್ತಿತ್ತು. ಕೊನೆಗೆ ಬೆಂಗಳೂರಿನ ವೈದ್ಯರು ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮಾತೆತ್ತಿದರು. ನಾನು ಖಡಾಖಂಡಿತವಾಗಿ ಬೇಡವೆಂದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡ ಸುದ್ದಿ ಆಗಷ್ಟೇ ಪತ್ರಿಕೆಗಳಲ್ಲಿ ಬಂದಿತ್ತು. ಆ ಪುಟವನ್ನು ಅವಳ ಮುಂದೆ ಹಿಡಿದೆ.

ವೈದ್ಯರು ಕೂರಿಸಿಕೊಂಡು ತಿಳಿಸಿದರು. ಚರ್ಮದ ಕೆಳಗಿನ ಕೊಬ್ಬು ಹೀರಿ ತೆಗೆಯುವುದು ಬೇರೆ, ಇದು ಬೇರೆ. ಇದರಲ್ಲಿ ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಜಠರದ ಮುಕ್ಕಾಲು ಪಾಲನ್ನು ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಚೀಲದಂತಿದ್ದ ಜಠರ ಬಾಳೆಹಣ್ಣಿನ ಗಾತ್ರದ ಕೊಳವೆಯಾಗುತ್ತದೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ತೆಗೆದ ಭಾಗದಲ್ಲೇ. ಆದ್ದರಿಂದ ಹಸಿವೂ ತಗ್ಗುತ್ತದೆ. ಅಪಾಯವೇ ಇಲ್ಲವೆಂದು ಅವರು ಹೇಳಲಿಲ್ಲ. ಹೊಲಿಗೆ ಸೋರಬಹುದು, ರಕ್ತ ಹೆಪ್ಪುಗಟ್ಟಬಹುದು ಎಂದೂ ಹೇಳಿದರು. ರಾಜಕಾರಣಿಗಳಾದ ನಿತಿನ್ ಗಡ್ಕರಿ 2011ರಲ್ಲಿ, ಅರುಣ್ ಜೇಟ್ಲಿ 2014ರಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕೆಲಸಕ್ಕೆ ಮರಳಿದ್ದು ನನಗೆ ನೆನಪಾಯಿತು. ಆದರೂ ನಾನು ಒಪ್ಪಿದ್ದು ಮಗಳ ಒಂದೇ ಮಾತಿಗೆ: "ಅಪ್ಪ, ನನಗೆ ತೆಳ್ಳಗಾಗೋ ಆಸೆ ಇಲ್ಲ. ರಾತ್ರಿ ಹೆದರಿಕೆ ಇಲ್ಲದೆ ಮಲಗಬೇಕು."

ದಸರಾ ರಜೆ ಶುರುವಾಗುತ್ತಿದ್ದಂತೆ ಶಸ್ತ್ರಚಿಕಿತ್ಸೆ ಆಯಿತು. ಮಾರನೆಯ ದಿನವೇ ಅವಳನ್ನು ಎಬ್ಬಿಸಿ ವಾರ್ಡಿನಲ್ಲಿ ನಡೆಸಿದರು. ಕಾಲಿನ ರಕ್ತ ಹೆಪ್ಪುಗಟ್ಟದಿರಲು ಅದೇ ಮದ್ದಂತೆ. ಹಾಸನಕ್ಕೆ ಬಂದ ಮೇಲೆ ಮನೆಯೇ ಬದಲಾಯಿತು. ಮೊದಲು ತಿಳಿ ನೀರು, ಎಳನೀರು. ಆಮೇಲೆ ಮಜ್ಜಿಗೆ, ಬೇಳೆ ಕಟ್ಟು. ಮೂರನೆಯ ವಾರಕ್ಕೆ ಮಸೆದ ಹೆಸರುಬೇಳೆ, ನಾಲ್ಕು ಚಮಚ. ಆ ನಾಲ್ಕು ಚಮಚಕ್ಕೆ ಇಪ್ಪತ್ತು ನಿಮಿಷ. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಬಿಡಬೇಕು. ಉಳಿದ ಹೊತ್ತು ಗುಟುಕು ಗುಟುಕಾಗಿ ಕುಡಿಯುತ್ತಲೇ ಇರಬೇಕು. ಸೌಟು ಹಿಡಿದು ನಿಂತ ನನಗೆ ಕೆಲಸವೇ ಇಲ್ಲ.

ಅಷ್ಟರಲ್ಲಿ ದೀಪಾವಳಿ ಬಂತು. ನಮ್ಮಲ್ಲಿ ದೀಪಾವಳಿ ಎಂದರೆ ಕಜ್ಜಾಯ. ಮನೆಯ ತುಂಬಾ ಬೆಲ್ಲದ ಪಾಕದ ಘಮ. ಮಗಳು ಕೋಣೆಯಲ್ಲಿ ಒಬ್ಬಳೇ ಕೂತಿದ್ದಳು. ನನ್ನ ಕರುಳು ಚುರ್ ಎಂದಿತು. ಹೆಂಡತಿಯ ಕಣ್ಣು ತಪ್ಪಿಸಿ ಅರ್ಧ ಕಜ್ಜಾಯ ತಂದು, "ಹಬ್ಬದ ದಿನ ಬಾಯಿ ಬರಿದಾಗಿರಬಾರದು. ಒಂದು ಚೂರು, ಅಪ್ಪನಿಗೋಸ್ಕರ" ಎಂದೆ. ಅವಳು ನನ್ನ ಮುಖ ನೋಡಿದಳು. ಬೇಡ ಎನ್ನಲಿಲ್ಲ. ತಿಂದಳು.

ಹತ್ತು ನಿಮಿಷ ಆಗಿರಲಿಲ್ಲ, ಎದೆ ಹಿಡಿದುಕೊಂಡು ಬಗ್ಗಿದಳು. ಬೆವರು, ನಡುಕ, ಮೇಲಿಂದ ಮೇಲೆ ವಾಂತಿ. ಹೊಲಿಗೆ ಬಿಚ್ಚಿಕೊಂಡಿತೇನೋ ಎಂದು ನನ್ನ ಕೈಕಾಲು ತಣ್ಣಗಾದವು. ವೈದ್ಯರಿಗೆ ಫೋನು ಮಾಡಿ, ಅವರು ಹೇಳಿದಂತೆ ಹಾಸನದಲ್ಲೇ ಒಂದು ಆಸ್ಪತ್ರೆಗೆ ಒಯ್ದು ತೋರಿಸಿ, ಏನೂ ಹೆಚ್ಚುಕಮ್ಮಿ ಆಗಿಲ್ಲ ಎಂದು ತಿಳಿಯುವಷ್ಟರಲ್ಲಿ ನಡುರಾತ್ರಿ. ಹೊರಗೆ ಪಟಾಕಿ ಹೊಡೆಯುತ್ತಿದ್ದರು. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು, ಇಷ್ಟು ವರ್ಷ ಕೊಟ್ಟದ್ದನ್ನೆಲ್ಲ ಜಮಾ ಬದಿಗೇ ಬರೆದುಕೊಂಡು ಬಂದೆನಲ್ಲ ಎಂದುಕೊಂಡೆ. "ಅಪ್ಪನಿಗೋಸ್ಕರ" ಎಂದು ತಿಂದ ತುತ್ತುಗಳ ಲೆಕ್ಕ ಅವಳ ಮೈಮೇಲಿತ್ತು.

ಬೆಳಿಗ್ಗೆ ಅವಳ ಹತ್ತಿರ ಹೋಗಿ, "ತಪ್ಪು ನಂದು ಮಗಳೇ" ಎಂದೆ. ಅವಳು ನಕ್ಕು, "ಬೇಡ ಅನ್ನೋದನ್ನ ನಾನೂ ಕಲೀಬೇಕಿತ್ತಲ್ಲ ಅಪ್ಪ" ಎಂದಳು.

ನವೆಂಬರ್ 2ರಂದು ಶಾಲೆಗೆ ಹೊರಟಳು. ನಾಲ್ಕು ವಾರ ಆಗಿತ್ತು. ಇನ್ನೂ ಕೆಲವು ವಾರ ಭಾರ ಎತ್ತಬಾರದೆಂದು ವೈದ್ಯರು ಹೇಳಿದ್ದರಿಂದ ಮೊದಲ ದಿನ ಚೀಲ ಹೊತ್ತು ನಾನೂ ಜೊತೆಗೆ ಹೋದೆ. ಸಹೋದ್ಯೋಗಿಯೊಬ್ಬರು, "ಬಾಯಿ ಕಟ್ಟಿದ್ದರೆ ಸಾಕಾಗಿತ್ತು, ಹೊಟ್ಟೆ ಕೊಯ್ಸಿಕೊಳ್ಳಬೇಕಿತ್ತಾ?" ಎಂದು ನನ್ನೆದುರೇ ಅಂದರು. ಮಗಳ ಮುಖ ಸಣ್ಣದಾಯಿತು. ಅಪೆಂಡಿಕ್ಸ್ ಆಪರೇಷನ್ ಅಂತ ಹೇಳಿಬಿಡು ಎಂದು ಮನೆಯಲ್ಲಿ ನಾವೇ ಹೇಳಿಕೊಟ್ಟಿದ್ದೆವು. ಆದರೆ ತರಗತಿಯಲ್ಲಿ ಒಬ್ಬ ಹುಡುಗ ಎದ್ದು, "ಮಿಸ್, ನಿಮಗೆ ಏನಾಗಿತ್ತು?" ಎಂದು ಕೇಳಿದಾಗ ಅವಳು ಕುರ್ಚಿಯಲ್ಲಿ ಕೂತೇ ನಿಜ ಹೇಳಿದಳು. ಕಪ್ಪುಹಲಗೆಯ ಮೇಲೆ ಒಬ್ಬ ಹುಡುಗಿಯಿಂದ ಒಂದು ಚೀಲ, ಪಕ್ಕದಲ್ಲಿ ಒಂದು ಬಾಳೆಹಣ್ಣು ಬರೆಸಿದಳು. ಅವತ್ತಿನ ವಿಜ್ಞಾನದ ಪಾಠ ಅದೇ ಆಯಿತು. ನಾನು ಹೊರಗಿನ ಜಗಲಿಯಲ್ಲಿ ಕೂತು ಕೇಳಿಸಿಕೊಂಡೆ.

ಅಂದಿನಿಂದ ಮಕ್ಕಳೇ ಪಾಳಿ ಹಾಕಿಕೊಂಡು ನೋಟುಪುಸ್ತಕದ ಕಟ್ಟನ್ನು ಮಹಡಿಗೆ ಹೊತ್ತರು. ಪಾಠದ ಭರದಲ್ಲಿ ಅವಳು ನೀರು ಮರೆತರೆ ಮುಂದಿನ ಬೆಂಚಿನ ಹುಡುಗ, "ಮಿಸ್, ಗುಟುಕು!" ಎನ್ನುತ್ತಿದ್ದನಂತೆ. ಹಿಂದೆ ಅವಳ ಬೆನ್ನ ಹಿಂದೆ ಅಡ್ಡಹೆಸರು ಕೂಗುತ್ತಿದ್ದವನೂ ಅವನೇ ಎಂದು ಮಗಳು ಹೇಳಿದಳು.

ಎಲ್ಲವೂ ಸಲೀಸಾಗಿ ಆಗಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಕೂದಲು ಉದುರಿತು, ಆಮೇಲೆ ಮತ್ತೆ ಬಂತು. ಬಿ-12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಜೀವನಪೂರ್ತಿ ಇದ್ದದ್ದೇ. 76 ಕಿಲೋಗೆ ಇಳಿದದ್ದು ಈಗ 80ಕ್ಕೆ ಬಂದು ನಿಂತಿದೆ. ಶಸ್ತ್ರಚಿಕಿತ್ಸೆ ಮಂತ್ರದಂಡವಲ್ಲ, ನಾಲಿಗೆಯನ್ನು, ನಡಿಗೆಯನ್ನು ಅವಳೇ ಕಾಯಬೇಕು. ಆದರೆ ಸಕ್ಕರೆಯ ಮಾತ್ರೆ ನಾಲ್ಕರಿಂದ ಒಂದಕ್ಕೆ ಇಳಿದಿದೆ. ರಾತ್ರಿ ನಿದ್ದೆ ಬರುತ್ತದೆ.

2024ರ ಜನವರಿಯಲ್ಲಿ ಮತ್ತೆ ಬೆಳಗೊಳಕ್ಕೆ ಹೋದೆವು. ಈಗ ನನ್ನ ಮಂಡಿ ಹತ್ತಲು ಬಿಡಲಿಲ್ಲ. "ನೀನು ಹೋಗಿ ಬಾ, ಚಪ್ಪಲಿ ನಾನು ಕಾಯ್ತೀನಿ" ಎಂದೆ. ಎರಡು ಕಡೆ ನಿಂತು ಸುಧಾರಿಸಿಕೊಂಡು ಹತ್ತಿದಳು. ಇಳಿದು ಬಂದು ನನ್ನ ಪಕ್ಕ ಕೂತು, ಒಂದು ಗುಟುಕು ನೀರು ಕುಡಿದಳು.

ನನ್ನ ವಾರಿಗೆಯ ಅಜ್ಜ ಅಜ್ಜಿಯರಲ್ಲಿ ಒಂದು ಮಾತು: ಮೊಮ್ಮಕ್ಕಳು "ಸಾಕು" ಎಂದರೆ ಸೌಟು ಕೆಳಗಿಡೋಣ. ಮಕ್ಕಳೇ, ನಿಮಗೂ ಒಂದು ಮಾತು: ಯಾರ ಮೈಯನ್ನೂ ಅಡ್ಡಹೆಸರು ಮಾಡಬೇಡಿ. ನಾನು ಇಟ್ಟ ಹೆಸರನ್ನು ಅವಳ ಮೈಮೇಲಿನಿಂದ ಇಳಿಸಲು ನನಗೆ ನಲವತ್ತು ವರ್ಷ ಬೇಕಾಯಿತು. ಈಗ ಅವಳನ್ನು ಅವಳ ಹೆಸರಿನಿಂದಲೇ ಕರೆಯುತ್ತೇನೆ.