‘ಪೂರೈಸು’ ಎಂಬ ಒಂದು ಪದ

ತರಬೇತಿಗಳಲ್ಲಿ ‘ಕ್ರಿಯಾ ಸಂಶೋಧನೆ’ ಎಂಬ ಮಾತು ಬಂದಾಗಲೆಲ್ಲ ನಮ್ಮಲ್ಲಿ ಅನೇಕರಿಗೆ ಒಳಗೊಳಗೇ ನಗು ಬರುತ್ತಿತ್ತು. ಸಂಶೋಧನೆಯೆಂದರೆ ವಿಶ್ವವಿದ್ಯಾನಿಲಯದವರ ಕೆಲಸ, ಪಾಠ ಮುಗಿಸುವುದಷ್ಟೇ ನಮ್ಮದು ಎಂಬ ಭಾವನೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗಳಲ್ಲಿ ಹುಟ್ಟಿದ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ ಹೊಣೆಗಳಲ್ಲಿ ಇದೂ ಒಂದು. ನಾವು ‘ಡಯಟ್’ ಎಂದು ಕರೆಯುವ ಕೊಡಗಿನ ಆ ಸಂಸ್ಥೆ ಇರುವುದು ಕೂಡಿಗೆಯಲ್ಲಿ. ಶಿಕ್ಷಕನು ತನ್ನ ತರಗತಿಯ ಒಂದು ತೊಡಕನ್ನು ತಾನೇ ಆರಿಸಿಕೊಂಡು, ಕಾರಣ ಹುಡುಕಿ, ಬದಲಾವಣೆ ಮಾಡಿ ನೋಡಬೇಕೆಂಬುದು ಇದರ ಆಶಯ.

ನನ್ನ ಮೊದಲ ವರದಿಯನ್ನು ಒಂದೇ ಸಂಜೆಯಲ್ಲಿ ಬರೆದು ಮುಗಿಸಿದ್ದೆ. ಸಮಸ್ಯೆ, ಕಾರಣ, ಪರಿಹಾರ ಎಲ್ಲವೂ ನನಗೆ ಮೊದಲೇ ತಿಳಿದಿದ್ದವು. ತಿಳಿದುಕೊಳ್ಳಬೇಕೆಂಬ ಹಂಬಲವೊಂದು ಮಾತ್ರ ಅದರಲ್ಲಿರಲಿಲ್ಲ.

ಎರಡನೆಯ ಸಲ ಹಾಗಾಗಲಿಲ್ಲ. 2005ರ ಸುಮಾರಿಗೆ ಎಂಟನೆಯ ತರಗತಿಯಲ್ಲಿ ವಾಕ್ಯರೂಪದ ಲೆಕ್ಕಗಳಲ್ಲಿ ಸತತವಾಗಿ ಸೋಲುತ್ತಿದ್ದ ಹನ್ನೊಂದು ಮಕ್ಕಳಿದ್ದರು. ಮಗ್ಗಿ ಬಾರದ್ದೇ ಕಾರಣವೆಂದು ನಾನು ನಂಬಿದ್ದೆ. ಆಸ್ಟ್ರೇಲಿಯಾದ ಆ್ಯನ್ ನ್ಯೂಮನ್ ಎಂಬ ಶಿಕ್ಷಣತಜ್ಞೆ 1977ರಲ್ಲಿ ಪ್ರಕಟಿಸಿದ್ದ ಒಂದು ಕ್ರಮದ ಬಗ್ಗೆ ಆಗ ಓದಿದೆ. ತಪ್ಪು ಮಾಡಿದ ಮಗುವನ್ನು ಎದುರಿಗೆ ಕೂರಿಸಿಕೊಂಡು ಐದು ಮಾತು ಕೇಳಬೇಕು: ಪ್ರಶ್ನೆಯನ್ನು ಓದು, ಅದು ಏನು ಕೇಳುತ್ತಿದೆ ಹೇಳು, ಹೇಗೆ ಮಾಡುವೆ, ಮಾಡಿ ತೋರಿಸು, ಉತ್ತರ ಬರೆ. ಮಗು ಯಾವ ಮೆಟ್ಟಿಲಲ್ಲಿ ಎಡವಿತೆಂಬುದು ಇದರಿಂದ ತಿಳಿಯುತ್ತದೆ.

ಮಧ್ಯಾಹ್ನದ ಊಟದ ಬಳಿಕ ದಿನಕ್ಕೊಬ್ಬರಂತೆ ಕರೆದೆ. ಮೂರನೆಯ ದಿನ ಬಂದವಳು ತೋಟದ ಲೈನ್ ಮನೆಯ ಹುಡುಗಿ. ಎರವ ಸಮುದಾಯದವಳು, ಮನೆಮಾತು ರಾವುಳ, ಕನ್ನಡ ಶಾಲೆಯಲ್ಲಿ ಕಲಿತದ್ದು. ‘ಒಂದು ಕೆಲಸವನ್ನು 12 ಜನರು 8 ದಿನಗಳಲ್ಲಿ ಪೂರೈಸಿದರೆ, 16 ಜನರು ಎಷ್ಟು ದಿನಗಳಲ್ಲಿ ಪೂರೈಸುವರು?’ ಎಂಬುದನ್ನು ತಡವರಿಸದೆ ಓದಿದಳು. ಏನು ಕೇಳಿದ್ದಾರೆ ಎಂದೆ. ಮೌನ. ಬಹಳ ಹೊತ್ತಿನ ಮೇಲೆ, “ಪೂರೈಸೋದು ಅಂದ್ರೆ ತಂದುಕೊಡೋದಲ್ವಾ ಸಾರ್? ಸೊಸೈಟಿಗೆ ಅಕ್ಕಿ ಪೂರೈಸ್ತಾರಲ್ಲ. ಕೆಲಸ ಹೇಗೆ ತಂದುಕೊಡ್ತಾರೆ?” ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಆ ಪದಕ್ಕೆ ಎರಡೂ ಅರ್ಥಗಳುಂಟು. ಆಕೆಗೆ ತಿಳಿದಿದ್ದ ಅರ್ಥವೂ ಸರಿಯಾದದ್ದೇ. “ಹೋಗಲಿ, ಒಂದು ತೋಟದ ಕಾಫಿಯನ್ನು ಹನ್ನೆರಡು ಆಳು ಎಂಟು ದಿನದಲ್ಲಿ ಕೊಯ್ದು ಮುಗಿಸ್ತಾರೆ. ಹದಿನಾರು ಆಳು ಬಂದರೆ?” ಎಂದೆ. ಕ್ಷಣಕಾಲ ಬೆರಳು ಮಡಿಸಿದಳು. “ಆರು ದಿನ ಸಾಕು ಸಾರ್.”

ಹನ್ನೊಂದು ಮಕ್ಕಳಲ್ಲಿ ಮಗ್ಗಿಯಲ್ಲೇ ಎಡವುತ್ತಿದ್ದವರೂ ಇದ್ದರು. ಅವರ ಮಟ್ಟಿಗೆ ನನ್ನ ಊಹೆ ಸರಿಯಾಗಿತ್ತು. ಉಳಿದ ಹೆಚ್ಚಿನವರು ಎಡವಿದ್ದು ಎರಡನೆಯ ಮೆಟ್ಟಿಲಲ್ಲಿ. ಲೆಕ್ಕಕ್ಕೆ ಕೈಹಾಕುವ ಮೊದಲೇ ಅವರು ಸೋತಿದ್ದರು. ಅಂದಿನಿಂದ ಯಾವ ಲೆಕ್ಕವನ್ನೂ ಮಕ್ಕಳು ತಮ್ಮ ಮಾತಿನಲ್ಲಿ ಹೇಳುವ ತನಕ ಬಿಡಿಸಲು ಬಿಡುತ್ತಿರಲಿಲ್ಲ. ಪಾಠ ನಿಧಾನವಾಯಿತು, ವರ್ಷಾಂತ್ಯದಲ್ಲಿ ಒಂದು ಅಧ್ಯಾಯ ಉಳಿದೇ ಹೋಯಿತು. ಆದರೂ ಖಾಲಿ ಹಾಳೆ ಕೊಡುವವರು ಕಡಿಮೆಯಾದರು.

ಬಿ.ಎಡ್.ನಲ್ಲಿ ಕಲಿಕೆಯ ಮನೋವಿಜ್ಞಾನವನ್ನು ಓದಿ ಪಾಸಾಗಿದ್ದೆ. ಆದರೆ ಒಂದು ಮಗು ಹೇಗೆ ಕಲಿಯುತ್ತದೆಂದು ಆ ಮಗುವನ್ನೇ ಕೇಳಬಹುದೆಂದು ತಿಳಿಯಲು ನನಗೆ ಅಷ್ಟು ವರ್ಷ ಬೇಕಾಯಿತು. ಎರಡನೆಯ ವರದಿ ಮೊದಲನೆಯದಕ್ಕಿಂತ ಚಿಕ್ಕದಾಗಿತ್ತು. ಅದರಲ್ಲಿ ನಾನು ಬರೆಯದೆ ಬಿಟ್ಟ ಸಂಗತಿಯೊಂದಿದೆ. ಆ ಹುಡುಗಿಗಿಂತ ಮುಂಚೆ ಎಷ್ಟೋ ಮಕ್ಕಳ ಪ್ರಗತಿಪತ್ರದಲ್ಲಿ ‘ಗಣಿತದಲ್ಲಿ ಹಿಂದುಳಿದಿದ್ದಾನೆ’ ಎಂದು ನನ್ನ ಕೈಯಾರೆ ಬರೆದಿದ್ದೆ. ಅವರಲ್ಲಿ ಕೆಲವರು ಕಾಫಿ ಕೊಯ್ಲಿಗೆಂದು ಹೋದವರು ಮತ್ತೆ ಶಾಲೆಗೆ ಬರಲಿಲ್ಲ. ಅವರನ್ನು ನಾನು ಏನೂ ಕೇಳಿರಲಿಲ್ಲ.