ಎರಡನೆಯ ನಂಬರಿನ ಐರನ್ನು

ಗಾಲ್ಫ್ ಆಟವನ್ನು ಕುರಿತು ಬರೆಯಹೊರಟೆನೆಂದರೆ ತುಮಕೂರು ಸೀಮೆಯ ನನ್ನ ಬಂಧುಗಳು ನಗುತ್ತಾರೆ. ತೆಂಗು ಅಡಿಕೆಗಳ ಯೋಗಕ್ಷೇಮವನ್ನು ಬಿಟ್ಟು ಹುಲ್ಲಿನಲ್ಲಿ ಚೆಂಡು ಹುಡುಕುವ ಈ ಕಾಯಕವೇನೆಂದು ಕೇಳುತ್ತಾರೆ. ನಗಲಿ. ಬೆಂಗಳೂರಿನ ಗಾಲ್ಫ್ ಕ್ಲಬ್ಬು ಹುಟ್ಟಿದ್ದು 1876ರಲ್ಲಿ. ಅಷ್ಟು ಕಾಲ ಈ ನೆಲದ ಧೂಳು ಕುಡಿದ ಆಟವನ್ನು ಇನ್ನೂ ಪರದೇಶಿಯೆಂದು ಕರೆಯಲು ನನಗಂತೂ ಮನಸ್ಸಿಲ್ಲ. ಮೇಲಾಗಿ ನಾನು ಹೇಳಹೊರಟಿರುವುದು ಆಟದ ಮಾತಿಗಿಂತ ಹೆಚ್ಚಾಗಿ ನನ್ನ ಸೋದರಮಾವನ ಮಾತು.

ಮಾವನವರಿಗೆ ಈಗ 78 ವರ್ಷ. ಸರ್ಕಾರಿ ಎಂಜಿನಿಯರಾಗಿ ಬೆಂಗಳೂರಿನಲ್ಲಿದ್ದ ಕಾಲದಲ್ಲಿ ಕಲಿತ ಆಟವನ್ನು, ನಿವೃತ್ತರಾಗಿ ದೇವರಾಯನದುರ್ಗದ ತಪ್ಪಲಿನ ತೋಟದ ಮನೆಗೆ ಬಂದ ಮೇಲೂ ಅವರು ಬಿಟ್ಟಿರಲಿಲ್ಲ. ತಿಂಗಳಿಗೆರಡು ಬಾರಿ ಸುಮಾರು 70 ಕಿಲೋಮೀಟರು ಪ್ರಯಾಣ ಮಾಡಿ ಬೆಂಗಳೂರಿಗೆ ಹೋಗಿ ಆಡಿ ಬರುವರು. ಉಳಿದ ದಿನಗಳಲ್ಲಿ ತೋಟದ ಅಂಚಿನ ಬಯಲೇ ಅವರ ಮೈದಾನ. ಹೀಗಿದ್ದವರು ಎರಡು ವರ್ಷಗಳ ಹಿಂದೆ ಒಂದು ಭಾನುವಾರ ಕೋಲುಗಳ ಚೀಲವನ್ನು ಅಟ್ಟಕ್ಕೇರಿಸಿ, "ಇನ್ನು ಸಾಕು ಕಣಯ್ಯಾ" ಎಂದುಬಿಟ್ಟರು.

ಕಾರಣ ಒಂದು ಕೊಳ. ಅವರು ಆಡುತ್ತಿದ್ದ ಮೈದಾನದ ಒಂದು ಕುಳಿಗೆ ಮುನ್ನ ನೀರಿದೆ. ಅದನ್ನು ದಾಟಲು ಚೆಂಡು 140 ಗಜ ಗಾಳಿಯಲ್ಲೇ ಹಾರಬೇಕು. ಅವರ ಎರಡನೆಯ ನಂಬರಿನ ಐರನ್ನಾಗಲಿ ಮೂರನೆಯದಾಗಲಿ ಚೆಂಡನ್ನು ಈಚೆಗೆ ನೆಲ ಬಿಟ್ಟು ಮೇಲಕ್ಕೇಳಿಸುತ್ತಲೇ ಇರಲಿಲ್ಲ. ಇದಕ್ಕಿಂತ ಹೆಚ್ಚಾಗಿ ಮನಸ್ಸನ್ನು ಕಲಕಿದ್ದು ನನ್ನ ಮಗ. ಅವರು ಐದನೆಯ ನಂಬರು ಹಿಡಿಯುವ ಜಾಗದಲ್ಲಿ ಹುಡುಗ ಏಳನೆಯ ನಂಬರನ್ನು ತೆಗೆದು, ಅವರ ಚೆಂಡಿಗಿಂತ ಮುಂದಕ್ಕೆ ಹೊಡೆದಿದ್ದ. ಮುಪ್ಪು ಎದುರಿಗೆ ಬಂದು ಹೆಸರು ಹಿಡಿದು ಕರೆದಂತಾಯಿತು ಅವರಿಗೆ. ಆಟ ನಿಂತ ಮೇಲೆ ಮಾತೂ ಕಡಿಮೆಯಾಯಿತು, ಊಟವೂ. ಅತ್ತೆಯವರು ನನಗೆ ಫೋನು ಮಾಡಿ, "ಏನಾದರೂ ಮಾಡಪ್ಪಾ, ಮನೆಯಲ್ಲಿ ಗಡಿಯಾರ ನಿಂತಂತಿದೆ" ಎಂದರು.

ನಾನು ಮಗನ ಚೀಲವನ್ನೂ ಹೊತ್ತುಕೊಂಡು ಹೋದೆ. ಅಟ್ಟದಿಂದ ಮಾವನ ಚೀಲವನ್ನು ಇಳಿಸಿ, ತೂಗುಗುಂಡು ಮತ್ತು ಕೋನಮಾಪಕಗಳನ್ನು ಅವರ ಮುಂದಿಟ್ಟು, "ಅಳೆದು ಕೊಡಿ" ಎಂದೆ. ರಸ್ತೆಗಳ ಏರಿಳಿತ ಅಳೆಯುತ್ತಲೇ ಆಯುಷ್ಯ ಕಳೆದವರು ಅಳತೆಯ ಕೆಲಸಕ್ಕೆ ಒಲ್ಲೆನ್ನಲಾರರು.

ಅರಿಯದ ಓದುಗರಿಗಾಗಿ ಒಂದು ಮಾತು. ಕೋಲನ್ನು ನೆಟ್ಟಗೆ ನಿಲ್ಲಿಸಿದಾಗ ಅದರ ಮುಖವು ಲಂಬದ ಗೆರೆಯಿಂದ ಎಷ್ಟು ಹಿಂದಕ್ಕೆ ವಾಲಿದೆಯೆಂಬ ಕೋನಕ್ಕೆ ಲಾಫ್ಟ್ ಎಂದು ಹೆಸರು. ಕೋನ ಕಿರಿದಾದಷ್ಟೂ ಚೆಂಡು ತಗ್ಗಾಗಿ, ದೂರಕ್ಕೆ ಹೋಗುತ್ತದೆ. ಹಿರಿದಾದಷ್ಟೂ ಎತ್ತರಕ್ಕೇರಿ ಹತ್ತಿರದಲ್ಲೇ ಬೀಳುತ್ತದೆ. ಕೋಲಿನ ಮೇಲೆ ಕೆತ್ತಿದ ನಂಬರು ಬರಿಯ ಹೆಸರು. ಅದು ಇಷ್ಟೇ ಕೋನಕ್ಕೆ ಸಲ್ಲಬೇಕೆಂಬ ಕಟ್ಟಳೆಯಿಲ್ಲ.

ಮಾವನ ಹಳೆಯ ಕೋಲುಗಳಲ್ಲಿ ಎರಡನೆಯದು 20 ಡಿಗ್ರಿ, ಮೂರನೆಯದು 23, ನಾಲ್ಕನೆಯದು 27, ಐದನೆಯದು 31, ಏಳನೆಯದು 39. ಬಳಿಕ ಹುಡುಗನ ಏಳನೆಯದನ್ನು ಅಳೆದರು. ಮತ್ತೊಮ್ಮೆ ಅಳೆದರು. ಕನ್ನಡಕವನ್ನು ಒರೆಸಿಕೊಂಡು ಮೂರನೆಯ ಸಲ ಅಳೆದರು. 30 ಡಿಗ್ರಿ!

"ಇದು ಏಳಲ್ಲ ಕಣಯ್ಯಾ! ನನ್ನ ಐದಕ್ಕಿಂತಲೂ ಒಂದು ಡಿಗ್ರಿ ಕಡಿಮೆ. ಇದು ಐದೇ!" ಎಂದು ಕೂಗಿದರು. ಅತ್ತೆಯವರು ಏನಾಯಿತೋ ಎಂದು ಅಡಿಗೆಮನೆಯಿಂದ ಓಡಿಬಂದರು.

ಮಾವನ ಮಾತು ನಿಜ. ಕಳೆದ ಕೆಲವು ದಶಕಗಳಲ್ಲಿ ಕೋಲು ತಯಾರಿಸುವವರು ನಂಬರನ್ನು ಹಾಗೆಯೇ ಉಳಿಸಿ ಕೋನವನ್ನು ಕುಗ್ಗಿಸುತ್ತ ಬಂದಿದ್ದಾರೆ. ಹೊಸ ತಲೆಗಳಲ್ಲಿ ಭಾರವನ್ನು ತಳಕ್ಕಿಳಿಸಿರುವುದರಿಂದ ಕಡಿಮೆ ಕೋನದಲ್ಲೂ ಚೆಂಡು ಮೇಲಕ್ಕೇರುತ್ತದೆ. ಆದಕಾರಣ ಇದನ್ನು ಕೇವಲ ಮೋಸವೆನ್ನಲಾಗದು. ಆದರೂ ಏಳನೆಯ ನಂಬರಿನಿಂದ ಇಷ್ಟು ದೂರ ಹೊಡೆದೆನೆಂಬ ಕೊಳ್ಳುವವನ ಹೆಮ್ಮೆಯಲ್ಲಿ ಅಂಗಡಿಯವನ ಪಾಲೂ ಇದೆಯೆಂದು ನನ್ನ ಎಣಿಕೆ.

ಅಷ್ಟರಿಂದ ಕೊಳ ದಾಟಿದಂತಾಗಲಿಲ್ಲವಷ್ಟೆ. ತೋಳಿನ ವೇಗ ತಗ್ಗಿದ್ದೂ ನಿಜ. 20 ಡಿಗ್ರಿಯ ತೆಳುವಾದ ಕಬ್ಬಿಣದಿಂದ ಚೆಂಡು ಏರಬೇಕಾದರೆ ಬೀಸುವ ಕೈಗೆ ಬಿರುಸು ಬೇಕು. ಅಮೆರಿಕದ ಲೀ ಟ್ರೆವಿನೊ ಎಂಬ ಹೆಸರಾಂತ ಆಟಗಾರ, ಸಿಡಿಲು ಬಡಿಯುವಾಗ ಒಂದನೆಯ ನಂಬರಿನ ಐರನ್ನನ್ನು ಎತ್ತಿ ಹಿಡಿಯಿರಿ, ದೇವರಿಗೂ ಅದನ್ನು ಹೊಡೆಯಲಾಗದು ಎಂದು ಹಾಸ್ಯ ಮಾಡುತ್ತಿದ್ದನಂತೆ. ನಮ್ಮ ದುರ್ಗದ ಬುಡದ ನಾಮದ ಚಿಲುಮೆಯಲ್ಲಿ ಶ್ರೀರಾಮನು ನಾಮ ತೇಯಲು ನೀರಿಲ್ಲದೆ ಬಂಡೆಗೆ ಬಾಣ ಹೊಡೆದು ಒರತೆ ತರಿಸಿದನೆಂದು ಪ್ರತೀತಿ. ಅಂಥ ತೋಳಿಗೆ ಲಾಫ್ಟಿನ ಚಿಂತೆಯಿಲ್ಲ. ಮಿಕ್ಕವರಿಗೆ ಉಪಾಯ ಬೇಕು.

ಆ ಉಪಾಯಕ್ಕೆ ಹೈಬ್ರಿಡ್ ಎಂದು ಹೆಸರೆಂದೊಡನೆ ಮಾವ ಮುಖ ಸಿಂಡರಿಸಿದರು. ಹೈಬ್ರಿಡ್ ಎಂದರೆ ಅವರ ಪಾಲಿಗೆ ರುಚಿಯಿಲ್ಲದ ಟೊಮ್ಯಾಟೊ. ನಾನು ಬಿಡಲಿಲ್ಲ. "ನೀವು ವರ್ಷಗಟ್ಟಲೆ ಉಂಡ ಇಂಡಾಫ್ ರಾಗಿ, ಭಾರತದ ತಳಿಗೂ ಆಫ್ರಿಕದ ತಳಿಗೂ ಸಂಕರ ಮಾಡಿ ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ತೆಗೆದದ್ದಲ್ಲವೇ ಮಾವ? ಇದೂ ಹಾಗೆಯೇ, ಮರದ ಕೋಲಿಗೂ ಕಬ್ಬಿಣದ ಕೋಲಿಗೂ ನಡುವಣ ಕೂಸು" ಎಂದೆ. ಮುದ್ದೆಯ ಹೆಸರು ಹೇಳಿದ ಮೇಲೆ ಅವರು ಕಿವಿಗೊಟ್ಟರು.

ಹೈಬ್ರಿಡ್ಡಿನ ತಲೆ ದಪ್ಪ, ಒಳಗೆ ಟೊಳ್ಳು, ತಳ ಅಗಲ. ಭಾರದ ಕೇಂದ್ರ ಮುಖದಿಂದ ಹಿಂದಕ್ಕೂ ಕೆಳಕ್ಕೂ ಸರಿದಿರುತ್ತದೆ. ಆದುದರಿಂದ ಕೋನ ಒಂದೇ ಆದರೂ ಚೆಂಡು ಹೆಚ್ಚು ಎತ್ತರಕ್ಕೇರಿ ಮೆತ್ತಗೆ ಇಳಿಯುತ್ತದೆ. ಹೊಡೆತ ನಡುವಿನಿಂದ ತುಸು ಸರಿದರೂ ಅಷ್ಟಾಗಿ ಮುನಿಯದು. ತೆಳು ಕಬ್ಬಿಣ ಹುಲ್ಲಿಗೆ ಸಿಕ್ಕಿಕೊಂಡರೆ ಇದು ಜಾರಿಕೊಂಡು ಹೋಗುತ್ತದೆ. ದೋಷವಿಲ್ಲವೆಂದಲ್ಲ: ಎದುರುಗಾಳಿಯಲ್ಲಿ ತಗ್ಗಾಗಿ ಕಳಿಸಬೇಕಾದಾಗ ಹಳೆಯ ಕಬ್ಬಿಣವೇ ಮೇಲು, ಬಿರುಸು ಕೈಯವರಿಗೆ ಹೈಬ್ರಿಡ್ಡು ಚೆಂಡನ್ನು ಎಡಕ್ಕೆಳೆಯುವುದೂ ಉಂಟು.

ಇದು ಮುದುಕರ ಊರುಗೋಲೇ ಎಂದು ಮಾವ ಕೇಳಿದರು. ಕೊರಿಯದ ವೈ. ಇ. ಯಾಂಗ್ 2009ರ ಪಿ.ಜಿ.ಎ. ಚಾಂಪಿಯನ್‌ಷಿಪ್ಪಿನ ಕಡೆಯ ಕುಳಿಯಲ್ಲಿ ಹೈಬ್ರಿಡ್ಡಿನಿಂದಲೇ ಚೆಂಡನ್ನು ಗ್ರೀನಿಗೆ ಏರಿಸಿ ಟೈಗರ್ ವುಡ್ಸನನ್ನು ಸೋಲಿಸಿದ್ದನ್ನು ಹೇಳಿದೆ. ನಮ್ಮ ಬೆಂಗಳೂರಿನ ಅದಿತಿ ಅಶೋಕರನ್ನೂ ನೆನಪಿಸಿದೆ. ಅತಿ ದೂರ ಹೊಡೆಯುವವರ ಪಂಕ್ತಿಯಲ್ಲಿ ಅವರಿಲ್ಲ. ಆದರೂ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ, ತಾಯಿಯೇ ಕ್ಯಾಡಿಯಾಗಿ ಚೀಲ ಹೊತ್ತಿರಲು, ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಮಾವ ಸುಮ್ಮನಾದರು.

ಕೊಂಡದ್ದು ಎರಡೇ: 23 ಮತ್ತು 27 ಡಿಗ್ರಿಯವು. ಇಲ್ಲಿಯೂ ನಂಬರು ನೋಡಿ ಕೊಳ್ಳಬಾರದು. ಹೈಬ್ರಿಡ್ಡಿನ ಕೋಲು ಸಮಾನ ಐರನ್ನಿಗಿಂತ ಅರ್ಧ ಇಂಚೋ ಇನ್ನೂ ಸ್ವಲ್ಪವೋ ಉದ್ದವಿರುವುದರಿಂದ ದೂರವೂ ಹೆಚ್ಚು. ಉಳಿದ ಕೋಲುಗಳಿಗೂ ಇದಕ್ಕೂ ನಡುವೆ ನಾಲ್ಕು ಡಿಗ್ರಿಯಷ್ಟು ಅಂತರ ಕೂಡಿಬರುವಂತೆ ಆರಿಸಿ, ಬಯಲಿನಲ್ಲಿ ಹೊಡೆದು ಹೆಜ್ಜೆಯಿಂದ ಅಳೆದು ನೋಡಬೇಕು. ಮಾವ ಹಾಗೆಯೇ ಮಾಡಿದರು. ಒಂದು ವಾರ ತೋಟದ ಆಳುಗಳು ಕಳೆ ಕೀಳುವುದನ್ನು ಬಿಟ್ಟು ಚೆಂಡು ಆಯ್ದರು. ಎರಡು, ಮೂರು, ನಾಲ್ಕನೆಯ ಐರನ್ನುಗಳು ಚೀಲದಿಂದ ಹೊರಬಂದವು. ಚೀಲದಲ್ಲಿ 14 ಕೋಲುಗಳಿಗಿಂತ ಹೆಚ್ಚು ಇರಕೂಡದೆಂಬ ನಿಯಮವಿರುವಲ್ಲಿ ಒಂದು ಸ್ಥಳ ತೆರವಾದದ್ದು ಬೇರೆಯ ಲಾಭ.

ಈಗ ಕೊಳವನ್ನು ಹತ್ತಕ್ಕೆ ಆರು ಬಾರಿ ದಾಟುತ್ತಾರೆ. ಮಿಕ್ಕ ನಾಲ್ಕು ಚೆಂಡುಗಳಿಗಾಗಿ ವ್ಯಥೆಪಡುವುದಿಲ್ಲ. ಎರಡನೆಯ ನಂಬರಿನ ಐರನ್ನನ್ನು ಮಾತ್ರ ಯಾರಿಗೂ ಕೊಡಲೊಲ್ಲರು. ತಿಂಗಳಿಗೊಮ್ಮೆ ಎಣ್ಣೆ ಸವರಿ ಮಂಚದ ಬಳಿ ಒರಗಿಸಿಡುತ್ತಾರೆ. ಮೊಮ್ಮಗ ಜೊತೆಗೆ ಆಡಲು ಬಂದರೆ ಅವನು ನಂಬರು ಹೇಳುವಂತಿಲ್ಲ. "ಏಳು ತೆಗೆಯಲೇ ತಾತಾ?" ಎಂದರೆ, "ಏಳು ಗೀಳು ನನಗೆ ಗೊತ್ತಿಲ್ಲ, ಮೂವತ್ತು ಅನ್ನು" ಎಂದು ಗದರುತ್ತಾರೆ.